ಏಜೆಂಟರ ಹುಡುಕಾಟ ಬಿಡಿ, ಪ್ರಕಾಶಕರ ಪುಸ್ತಕಗಳನ್ನು ಓದಿ

ಪ್ರಶ್ನೆ: ನಾನು ಹೊಸನಗರ ತಾಲೂಕಿನವಳು, ವಯಸ್ಸು ಇಪ್ಪತ್ತಾರು. ಶಿವಮೊಗ್ಗದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಹನ್ನೊಂದು ಕಥೆಗಳನ್ನೂ ಶರಾವತಿ ಮುಳುಗಡೆಯ ಕುಟುಂಬವೊಂದರ ಬಗ್ಗೆ ಒಂದು ಕಾದಂಬರಿಯನ್ನೂ ಬರೆದಿದ್ದೇನೆ. ಯಾವುದೂ ಇನ್ನೂ ಪ್ರಕಟವಾಗಿಲ್ಲ. ಕನ್ನಡಕ್ಕೆ ಬೂಕರ್ ಬಂದ ಮೇಲೆ, ಲಿಟರರಿ ಏಜೆಂಟ್ (ಲೇಖಕರ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸುವವರು) ಇಲ್ಲದಿದ್ದರೆ ಲೇಖಕರಿಗೆ ಭವಿಷ್ಯವಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಏಜೆಂಟ್ ಎಂದು ಪರಿಚಯಿಸಿಕೊಂಡ ಬೆಂಗಳೂರಿನ ಒಬ್ಬರು 45,000 ರೂಪಾಯಿ ಕೊಟ್ಟರೆ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್, ಮುಖಪುಟ, ಬಿಡುಗಡೆ ಸಮಾರಂಭ ಎಲ್ಲ ಮಾಡಿಸಿ ದೊಡ್ಡ ಪ್ರಕಾಶಕರಿಗೆ ತಲುಪಿಸುತ್ತೇನೆ ಎನ್ನುತ್ತಾರೆ. ಕೊಡಲೇ? ಪ್ರಕಾಶಕರನ್ನು ಹುಡುಕುವುದು ಹೇಗೆ? ಮೊದಲು ಕಥೆಗಳೋ, ಕಾದಂಬರಿಯೋ? ಕಾದಂಬರಿಯ ಮೊದಲ ಹತ್ತು ಪುಟಗಳನ್ನೂ ಪ್ರಕಾಶಕರಿಗೆ ಬರೆದ ಪತ್ರದ ಕರಡನ್ನೂ ಜೊತೆಗಿಟ್ಟಿದ್ದೇನೆ.

ಉತ್ತರ: ಕೊಡಬೇಡಿ. ಒಂದು ರೂಪಾಯಿಯನ್ನೂ ಕೊಡಬೇಡಿ. ಉಳಿದ ಪ್ರಶ್ನೆಗಳನ್ನು ನಿಧಾನವಾಗಿ ನೋಡೋಣ, ಆದರೆ ಇದೊಂದನ್ನು ಈ ವಾರವೇ ಇತ್ಯರ್ಥ ಮಾಡಿಕೊಳ್ಳಿ. ಅತಿಥಿ ಉಪನ್ಯಾಸಕರ ಗೌರವಧನ ಎಷ್ಟು, ಅದು ಕೈಸೇರುವುದು ಯಾವಾಗ ಎಂಬುದನ್ನು ಬಲ್ಲ ಯಾರೂ ನಿಮ್ಮಿಂದ ಇಷ್ಟು ಹಣ ಕೇಳಬಾರದಿತ್ತು.

ನಿಜವಾದ ಲಿಟರರಿ ಏಜೆಂಟ್ ಲೇಖಕರಿಂದ ಮುಂಗಡ ಕೇಳುವುದಿಲ್ಲ. ಹಸ್ತಪ್ರತಿ ಓದುವುದಕ್ಕಾಗಲಿ, ಪ್ರಕಾಶಕರಿಗೆ ಪರಿಚಯಿಸುವುದಕ್ಕಾಗಲಿ ಅವರು ಶುಲ್ಕ ತೆಗೆದುಕೊಳ್ಳುವುದಿಲ್ಲ. ಪ್ರಕಾಶಕರಿಂದ ಲೇಖಕರಿಗೆ ಹಣ ಬಂದಾಗ ಅದರಲ್ಲಿ ಸಾಮಾನ್ಯವಾಗಿ ಶೇಕಡಾ 15ರಷ್ಟು, ಹೊರದೇಶದ ಅಥವಾ ಅನುವಾದದ ಹಕ್ಕಾದರೆ ಶೇಕಡಾ 20ರಷ್ಟು ಅವರ ಪಾಲು. ಅಡಿಕೆ ಮಂಡಿಯಲ್ಲಿ ಕಮಿಷನ್ನಿನ ಲೆಕ್ಕ ಬರುವುದು ಮಾಲು ಮಾರಾಟವಾದ ಮೇಲೆ. ಮೂಟೆ ಇಳಿಸುವ ಮುಂಚೆಯೇ ಬೆಳೆಗಾರನ ಜೇಬಿಗೆ ಕೈಹಾಕುವ ಮಂಡಿಗೆ ನಿಮ್ಮ ಮನೆಯವರು ಎಂದಾದರೂ ಅಡಿಕೆ ಹಾಕುತ್ತಾರೆಯೇ? ಇಲ್ಲಿಯೂ ಲೆಕ್ಕ ಅದೇ.

ಇನ್ನು ಆ 45,000 ರೂಪಾಯಿಗೆ ಅವರು ಕೊಡುವುದೇನು ಎಂದು ನೋಡಿ. ಐಎಸ್‌ಬಿಎನ್ ಅನ್ನು ನಮ್ಮ ದೇಶದಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಪ್ರಕಾಶಕರಷ್ಟೇ ಅಲ್ಲ, ಸ್ವಂತವಾಗಿ ಪುಸ್ತಕ ತರುವ ಲೇಖಕರೂ ಅರ್ಜಿ ಹಾಕಬಹುದು. ಮುಖಪುಟ ಮಾಡಿಸುವುದು ಪ್ರಕಾಶಕರ ಕೆಲಸ. ಬಿಡುಗಡೆ ಸಮಾರಂಭದಿಂದ ಪುಸ್ತಕ ಓದುಗರ ಕೈ ಸೇರುವುದಿಲ್ಲ. ‘ದೊಡ್ಡ ಪ್ರಕಾಶಕರಿಗೆ ತಲುಪಿಸುವುದು’ ಎಂದರೆ ಒಂದು ಮಿಂಚಂಚೆ, ಅದನ್ನು ನೀವೇ ಕಳುಹಿಸಬಹುದು.

ಕನ್ನಡದಲ್ಲಿ ಏಜೆಂಟರ ವ್ಯವಸ್ಥೆ ಏಕೆ ಬೇರೂರಿಲ್ಲ ಎಂಬುದಕ್ಕೆ ದೊಡ್ಡ ಸಿದ್ಧಾಂತ ಬೇಕಿಲ್ಲ, ಒಂದು ಚೀಟಿಯ ಹಿಂಬದಿಯಲ್ಲಿ ಕೂಡಿ ಕಳೆದರೆ ಸಾಕು. 220 ರೂಪಾಯಿ ಮುಖಬೆಲೆಯ ಪುಸ್ತಕಕ್ಕೆ ಶೇಕಡಾ 10ರ ಗೌರವಧನ (ರಾಯಲ್ಟಿ) ಎಂದರೆ ಪ್ರತಿಗೆ 22 ರೂಪಾಯಿ. ಐನೂರು ಪ್ರತಿ ಖರ್ಚಾದರೆ ಲೇಖಕರಿಗೆ 11,000. ಅದರಲ್ಲಿ ಶೇಕಡಾ 15 ಎಂದರೆ 1,650 ರೂಪಾಯಿ. ಹಸ್ತಪ್ರತಿ ಓದಿ, ತಿದ್ದಿಸಿ, ಪ್ರಕಾಶಕರೊಡನೆ ಮಾತಾಡಿ, ಕರಾರು ಮಾಡಿಸಿ, ವರ್ಷಗಟ್ಟಲೆ ಲೆಕ್ಕ ಕೇಳುವ ಕೆಲಸಕ್ಕೆ ಇಷ್ಟು ಪ್ರತಿಫಲ ಸಾಲುವುದಿಲ್ಲ. ಹಾಗಾಗಿ ಕನ್ನಡ ಪುಸ್ತಕಕ್ಕೆ ಏಜೆಂಟ್ ಎನ್ನುವವರು ಸಿಕ್ಕರೆ ಅವರ ಸಂಪಾದನೆ ಎಲ್ಲಿಂದ ಬರುತ್ತಿದೆ ಎಂದು ಕೇಳಲೇಬೇಕು. ಬಹುಪಾಲು ಸಂದರ್ಭಗಳಲ್ಲಿ ಅದು ಲೇಖಕರಿಂದಲೇ ಬರುತ್ತಿರುತ್ತದೆ.

ಬೂಕರ್ ವಿಷಯ. ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದಾಗ ನಮಗೆಲ್ಲ ಆದ ಸಂತೋಷ ದೊಡ್ಡದು. ಆದರೆ ಅದರ ಹಿಂದಿನ ದಾರಿಯನ್ನು ಸರಿಯಾಗಿ ನೋಡಬೇಕು. ಅದರಲ್ಲಿರುವ ಹನ್ನೆರಡು ಕಥೆಗಳು ಕನ್ನಡದಲ್ಲಿ ಬಂದದ್ದು 1990ರಿಂದ 2023ರವರೆಗಿನ ಅವಧಿಯಲ್ಲಿ. ಹಾಸನದ ಲೇಖಕಿ, ಮಡಿಕೇರಿಯ ಅನುವಾದಕಿ, ಇಂಗ್ಲೆಂಡಿನ ಶೆಫೀಲ್ಡ್‌ನ ಒಂದು ಸಣ್ಣ ಪ್ರಕಾಶನ ಸಂಸ್ಥೆ, ಅನುವಾದಕ್ಕೆ ಇಂಗ್ಲಿಷ್ ಪೆನ್ ಎಂಬ ಬರಹಗಾರರ ಸಂಸ್ಥೆಯ ಪುರಸ್ಕಾರ: ಇವೆಲ್ಲ ಕೂಡಿ ಬಂದವು. ಪ್ರಶಸ್ತಿಯ 50,000 ಪೌಂಡ್ ಮೊತ್ತ ಲೇಖಕಿಗೂ ಅನುವಾದಕಿಗೂ ಸಮಪಾಲು. ಅಂದರೆ ಕನ್ನಡದಿಂದ ಹೊರಗೆ ಹೋಗುವ ಬಾಗಿಲಲ್ಲಿ ಮೊದಲು ನಿಂತಿರುವವರು ಅನುವಾದಕರು. ನಿಮ್ಮ ಪುಸ್ತಕ ಕನ್ನಡದಲ್ಲಿ ಬಂದು, ಅದನ್ನು ಮೆಚ್ಚಿದ ಅನುವಾದಕರೊಬ್ಬರು ಮೂವತ್ತು ನಲವತ್ತು ಪುಟ ಇಂಗ್ಲಿಷಿಗೆ ತಂದ ಮೇಲೆ ಏಜೆಂಟ್ ಬಗ್ಗೆ ಯೋಚಿಸಬಹುದು. ಆಗ ಅವರು ಕೇಳುವುದು ಒಂದು ಪುಟದ ಪತ್ರ, ಕಥಾಸಾರ, ಮೊದಲ ಅಧ್ಯಾಯಗಳ ಅನುವಾದ. ಆ ದಿನ ಬಂದಾಗ ಮತ್ತೆ ಬರೆಯಿರಿ, ವಿವರವಾಗಿ ಹೇಳುತ್ತೇನೆ. ಸದ್ಯಕ್ಕೆ ಅದು ನಿಮ್ಮ ಕೆಲಸವಲ್ಲ.

ಕನ್ನಡದಲ್ಲಿ ಏಜೆಂಟರ ಕೆಲಸವನ್ನು ಬಹುಕಾಲದಿಂದ ಮಾಡುತ್ತಾ ಬಂದವರು ಪತ್ರಿಕೆಗಳ ಸಂಪಾದಕರು. ಹಸ್ತಪ್ರತಿ ಓದುವ ಕೆಲಸದಲ್ಲಿ ಕೂದಲು ಹಣ್ಣಾದವರಲ್ಲಿ ನಾನೂ ಒಬ್ಬ. ಪ್ರಕಾಶಕರು ಅಪರಿಚಿತ ಹೆಸರಿನ ಲಕೋಟೆಯನ್ನು ಒಡೆಯುವಾಗ ಮೊದಲು ಕೇಳುವ ಪ್ರಶ್ನೆ ‘ಇವರ ಕಥೆ ಎಲ್ಲಾದರೂ ಓದಿದ್ದೇವೆಯೇ?’ ಎಂಬುದು. ನಿಮ್ಮ ಹನ್ನೊಂದು ಕಥೆಗಳಲ್ಲಿ ಒಂದೂ ಅಚ್ಚಾಗಿಲ್ಲ ಎಂಬುದೇ ನಿಮ್ಮ ಮುಂದಿರುವ ನಿಜವಾದ ಅಡ್ಡಿ. ‘ಮಯೂರ’, ‘ತುಷಾರ’, ‘ಸುಧಾ’, ‘ತರಂಗ’, ದಿನಪತ್ರಿಕೆಗಳ ಭಾನುವಾರದ ಪುರವಣಿಗಳು ನಿಮ್ಮ ಮುಂದಿವೆ. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆಯಿಂದ ಬೆಳಕಿಗೆ ಬಂದ ಕಥೆಗಾರರ ಸಾಲು ಉದ್ದವಿದೆ. ಒಂದು ಕಥೆಯನ್ನು ಒಂದು ಪತ್ರಿಕೆಗೆ ಮಾತ್ರ ಕಳುಹಿಸಿ. ಒಂದೇ ಕಥೆ ಎರಡು ಕಡೆ ಅಚ್ಚಾದರೆ ಎರಡೂ ಸಂಪಾದಕರು ನಿಮ್ಮನ್ನು ನೆನಪಿಟ್ಟುಕೊಳ್ಳುತ್ತಾರೆ, ಆದರೆ ನೀವು ಬಯಸಿದ ರೀತಿಯಲ್ಲಲ್ಲ. ಮೂರು ತಿಂಗಳು ಉತ್ತರ ಬಾರದಿದ್ದರೆ ಎರಡು ಸಾಲಿನ ಪತ್ರ ಬರೆದು ಕಥೆಯನ್ನು ಹಿಂಪಡೆದು ಮುಂದಿನ ಪತ್ರಿಕೆಗೆ ಕಳುಹಿಸಿ. ಭದ್ರಾವತಿ ಆಕಾಶವಾಣಿಯನ್ನೂ ಸಂಪರ್ಕಿಸಿ ನೋಡಿ. ಕಥೆಯನ್ನು ಮೈಕಿನ ಮುಂದೆ ಓದುವಾಗ ಯಾವ ವಾಕ್ಯ ನಾಲಿಗೆಗೆ ತೊಡರುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ನೀವಿರುವ ಜಾಗ ಹಿಂದುಳಿದದ್ದು ಎಂಬ ಅಳುಕು ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಅದನ್ನು ತೆಗೆದುಹಾಕಿ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ 1949ರಿಂದ ಇದೆ. ಕೆ.ವಿ. ಸುಬ್ಬಣ್ಣನವರು ಅದೇ ಹಳ್ಳಿಯಿಂದ ಅಕ್ಷರ ಪ್ರಕಾಶನವನ್ನು ಕಟ್ಟಿದರು. ಶಿವಮೊಗ್ಗದಲ್ಲೇ ಅಹರ್ನಿಶಿ ಪ್ರಕಾಶನ ಇದೆ. ನೀನಾಸಂ ನಡೆಸುವ ಸಂಸ್ಕೃತಿ ಶಿಬಿರಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಪ್ರಕಾಶಕರ ಬೆನ್ನು ಹತ್ತಬೇಡಿ, ಸುಮ್ಮನೆ ಕೂತು ಚರ್ಚೆ ಕೇಳಿ. ನಿಮ್ಮ ವಯಸ್ಸಿನ ನಾಲ್ಕು ಜನ ಬರಹಗಾರರು ಅಲ್ಲಿ ಸಿಗುತ್ತಾರೆ, ನಿಮ್ಮ ಹಸ್ತಪ್ರತಿಯನ್ನು ಮುಲಾಜಿಲ್ಲದೆ ಓದಬಲ್ಲವರು ಅವರೇ. 1930ರಲ್ಲಿ ಹುಟ್ಟಿದ ಶಿವಮೊಗ್ಗದ ಕರ್ನಾಟಕ ಸಂಘ ಪ್ರತಿವರ್ಷ ಪುಸ್ತಕ ಬಹುಮಾನಗಳನ್ನು ಕೊಡುತ್ತದೆ. ಪುಸ್ತಕ ಬಂದ ಮೇಲೆ ಅದು ನೆನಪಿರಲಿ.

ಈಗ ಪ್ರಕಾಶಕರನ್ನು ಹುಡುಕುವ ಬಗೆ. ಒಂದು ಶನಿವಾರ ಮಧ್ಯಾಹ್ನ ಶಿವಮೊಗ್ಗದ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ. ಕಳೆದ ಐದಾರು ವರ್ಷಗಳಲ್ಲಿ ಬಂದ, ನಿಮ್ಮ ಬರವಣಿಗೆಯ ಜಾತಿಗೆ ಸೇರುವ ಕಥೆ ಕಾದಂಬರಿಗಳನ್ನು ಮೇಜಿನ ಮೇಲೆ ಹರಡಿಕೊಳ್ಳಿ. ಶೀರ್ಷಿಕೆ ಪುಟದ ಬೆನ್ನಿಗಿರುವ ಸಣ್ಣ ಅಕ್ಷರದ ಪುಟವನ್ನು ತೆರೆಯಿರಿ. ಯಾರೂ ಓದದ ಆ ಪುಟದಲ್ಲಿ ನಿಮಗೆ ಬೇಕಾದ ಬಹುಪಾಲು ಮಾಹಿತಿ ಇರುತ್ತದೆ. ಮೊದಲ ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಬಳಸಿದ ಕಾಗದ ‘70 ಜಿಎಸ್‌ಎಂ ಮ್ಯಾಪ್ಲಿಥೋ’, ಆಕಾರ ‘ಡೆಮಿ 1/8’, ಮುಖಪುಟ ಕಲಾವಿದರ ಹೆಸರು, ಅಚ್ಚು ಹಾಕಿದವರು, ಹಕ್ಕುಗಳು ಯಾರವು ಎಂಬ ಸಾಲು. ಅದೇ ಪ್ರಕಾಶಕರ ನಾಲ್ಕು ಪುಸ್ತಕಗಳಲ್ಲಿ ‘ಹಕ್ಕುಗಳು: ಲೇಖಕರವು’ ಎಂದಿದ್ದರೆ ಒಳ್ಳೆಯ ಸೂಚನೆ. ಹೊಸಬರ ಪುಸ್ತಕಕ್ಕೂ ಎರಡನೆಯ ಮುದ್ರಣ ಬಂದಿದ್ದರೆ ಅವರಿಗೆ ಮಾರಲು ಬರುತ್ತದೆ ಎಂದರ್ಥ. ಆಮೇಲೆ ಒಳಗಿನ ಯಾವುದಾದರೂ ಎರಡು ಪುಟ ಓದಿ, ಅಚ್ಚಿನ ದೋಷಗಳನ್ನು ಎಣಿಸಿ. ಅಲ್ಪಪ್ರಾಣ ಮಹಾಪ್ರಾಣ ಗೊಂದಲವಾಗಿ, ಒಂದು ಪಾತ್ರದ ಹೆಸರು ಎರಡು ಬಗೆಯಲ್ಲಿ ಅಚ್ಚಾಗಿದ್ದರೆ ಆ ಮನೆಯಲ್ಲಿ ಕರಡು ತಿದ್ದುವವರಿಲ್ಲ. ಅಂಥ ಕಡೆ ನಿಮ್ಮ ಕಾದಂಬರಿ ಕೊಡಬೇಡಿ, ಅವರು ಎಷ್ಟೇ ಬೇಗ ತರುತ್ತೇವೆಂದರೂ.

ಹೀಗೆ ಹುಡುಕಿದರೆ ಐದಾರು ಹೆಸರು ಉಳಿಯುತ್ತವೆ. ಅಕ್ಷರ ಪ್ರಕಾಶನ ಒಂದು ಬಗೆಯದು, 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಇನ್ನೊಂದು ಬಗೆಯದು, ಬೆಂಗಳೂರಿನ ಛಂದ ಪುಸ್ತಕ ಮತ್ತೊಂದು. ಛಂದದವರು ಮೊದಲ ಕಥಾಸಂಕಲನ ತರುವವರಿಗಾಗಿ ಹಸ್ತಪ್ರತಿ ಸ್ಪರ್ಧೆ ನಡೆಸುತ್ತಾ ಬಂದಿದ್ದಾರೆ, ನಿಮ್ಮ ಕಥೆಗಳಿಗೆ ಅದು ನೇರವಾಗಿ ಹೊಂದುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯನ್ನೂ ಮರೆಯಬೇಡಿ. ಅದರ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ. ವಯೋಮಿತಿ, ಪುಟಮಿತಿ, ಕೊನೆಯ ದಿನಾಂಕಗಳನ್ನು ಗಮನವಿಟ್ಟು ಓದಿ, ಏಕೆಂದರೆ ಒಳ್ಳೆಯ ಹಸ್ತಪ್ರತಿಗಳು ಇಂಥ ತಾಂತ್ರಿಕ ಕಾರಣಕ್ಕೇ ಬಿದ್ದುಹೋಗುತ್ತವೆ.

ಪ್ರಕಾಶಕರಿಗೆ ಬರೆಯುವ ಪತ್ರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನೀವು ಕಳುಹಿಸಲು ಸಿದ್ಧಪಡಿಸಿದ ಪತ್ರ ಹೀಗೆ ಆರಂಭವಾಗುತ್ತದೆ: ‘ಬಾಲ್ಯದಿಂದಲೂ ಸಾಹಿತ್ಯದಲ್ಲಿ ಅಪಾರ ಆಸಕ್ತಿ ಹೊಂದಿರುವ ನಾನು ತಮ್ಮಂಥ ಪ್ರತಿಷ್ಠಿತ ಸಂಸ್ಥೆಯ ಮೂಲಕ ನನ್ನ ಚೊಚ್ಚಲ ಕೃತಿ ಬೆಳಕು ಕಾಣಲಿ ಎಂಬ ಮಹದಾಸೆಯಿಂದ…’ ಇಂಥ ಸಾಲನ್ನು ಪ್ರಕಾಶಕರು ವಾರಕ್ಕೆ ಹಲವು ಬಾರಿ ಓದುತ್ತಾರೆ, ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ಅದರ ಬದಲು ಹೀಗೆ ಬರೆದು ನೋಡಿ: ‘1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮನೆ ಬಿಟ್ಟ ಒಂದು ಕುಟುಂಬ, ಕೊಟ್ಟ ಜಮೀನಿನ ಹಕ್ಕುಪತ್ರಕ್ಕಾಗಿ ಮೂರು ತಲೆಮಾರು ಕಚೇರಿ ಅಲೆಯುವುದು ಈ ಕಾದಂಬರಿಯ ವಸ್ತು. ಮೊಮ್ಮಗಳು ಇದನ್ನು ಹೇಳುತ್ತಾಳೆ. ಡೆಮಿ 1/8 ಆಕಾರದಲ್ಲಿ ಸುಮಾರು 190 ಪುಟ ಆಗಬಹುದು. ತಮ್ಮಲ್ಲಿ ಬಂದ ಇಂಥ ಪುಸ್ತಕವನ್ನು ಓದಿ, ಅದರ ಓದುಗರಿಗೆ ಇದೂ ಹಿಡಿಸಬಹುದೆಂದು ಬರೆಯುತ್ತಿದ್ದೇನೆ.’ ‘ಇಂಥ ಪುಸ್ತಕ’ ಎಂದಲ್ಲಿ ನಿಜವಾದ ಒಂದು ಹೆಸರಿರಲಿ, ಅದನ್ನು ನೀವು ನಿಜವಾಗಿ ಓದಿರಲಿ. ಪತ್ರ ಒಂದು ಪುಟ ಮೀರಬಾರದು. ಮೊದಲ ಎರಡು ಅಧ್ಯಾಯಗಳನ್ನು ಜೊತೆಗಿಡಿ, ಪೂರ್ತಿ ಹಸ್ತಪ್ರತಿ ಸಿದ್ಧವಿದೆ ಎಂದು ತಿಳಿಸಿ.

ನೀವು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿರುವಿರಿ. ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಇಡೀ ಹಸ್ತಪ್ರತಿಯನ್ನು ಒಮ್ಮೆ ಗಟ್ಟಿಯಾಗಿ ಓದಿ. ಪರಿವರ್ತನೆಯಲ್ಲಿ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ, ಒತ್ತಕ್ಷರ ಕಳಚುತ್ತದೆ, ಉದ್ಧರಣ ಚಿಹ್ನೆ ಇನ್ನೇನೋ ಆಗುತ್ತದೆ. ನಿಮ್ಮ ಹತ್ತು ಪುಟಗಳಲ್ಲೇ ಅಂಥವು ಕಣ್ಣಿಗೆ ಬಿದ್ದವು. ಡೆಮಿ 1/8ರಲ್ಲಿ ಹದಿನಾರು ಪುಟಕ್ಕೆ ಒಂದು ಫಾರಂ, ಪ್ರಕಾಶಕರ ಲೆಕ್ಕವೆಲ್ಲ ಫಾರಂಗಳಲ್ಲೇ ನಡೆಯುತ್ತದೆ. ಹನ್ನೆರಡು ಫಾರಂ ಎಂದರೆ 192 ಪುಟ. ಪುಸ್ತಕ 195ಕ್ಕೆ ಹೋದರೆ ಮೂರು ಪುಟ ಕಡಿಮೆ ಮಾಡಿ ಎನ್ನುತ್ತಾರೆ. ಅದನ್ನು ಅವಮಾನ ಎಂದು ತಿಳಿಯಬೇಡಿ.

ಮುನ್ನುಡಿಗಾಗಿ ಹಿರಿಯರ ಮನೆ ಬಾಗಿಲು ಕಾಯುವುದನ್ನು ದಯವಿಟ್ಟು ಮಾಡಬೇಡಿ. ಒಂದು ಮುನ್ನುಡಿಗೆ ವರ್ಷ ಕಾದು ಕಂಗಾಲಾದ ಹೊಸಬರನ್ನು ಕಂಡಿದ್ದೇನೆ. ಕಾದಂಬರಿಗೆ ಮುನ್ನುಡಿ ಬೇಕಿಲ್ಲ, ಬೆನ್ನುಡಿಯ ನಾಲ್ಕು ಸಾಲನ್ನು ಪ್ರಕಾಶಕರು ಬರೆಸಿಕೊಳ್ಳುತ್ತಾರೆ.

ಪ್ರಕಾಶಕರು ಒಪ್ಪಿದರೆಂದು ಇಟ್ಟುಕೊಳ್ಳೋಣ. ಸಂತೋಷದಲ್ಲಿ ಕೈಗೆ ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕುವ ಗಳಿಗೆ ಇದೇ. ನಮ್ಮಲ್ಲಿ ಎಷ್ಟೋ ಕಡೆ ಕರಾರುಪತ್ರವೇ ಇರುವುದಿಲ್ಲ, ಎಲ್ಲ ಬಾಯಿಮಾತು. ಇನ್ನು ಕೆಲವು ಕಡೆ ಒಂದೇ ಸಾಲು: ‘ಈ ಕೃತಿಯ ಸಕಲ ಹಕ್ಕುಗಳನ್ನು ಶಾಶ್ವತವಾಗಿ ಪ್ರಕಾಶಕರಿಗೆ ವಹಿಸಿದ್ದೇನೆ.’ ಇದಕ್ಕೆ ಸಹಿ ಹಾಕಿದರೆ ನಾಳೆ ಅನುವಾದ, ಆಡಿಯೊ, ಇ-ಪುಸ್ತಕ, ನಾಟಕ, ಸಿನಿಮಾ ಎಲ್ಲಕ್ಕೂ ಅವರ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ನಿಮ್ಮ ಪರವಾಗಿದೆ. ಹಕ್ಕಿನ ವರ್ಗಾವಣೆ ಬರಹದಲ್ಲಿ ಇರಬೇಕು, ಅದಕ್ಕೆ ನಿಮ್ಮ ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ, ಎಷ್ಟು ಗೌರವಧನ ಎಂಬುದನ್ನು ಅದರಲ್ಲಿ ನಮೂದಿಸಬೇಕು. ಅವಧಿ ಹೇಳದಿದ್ದರೆ ಐದು ವರ್ಷ ಎಂದು ಕಾನೂನು ಭಾವಿಸುತ್ತದೆ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಆ ಹಕ್ಕಿನ ವರ್ಗಾವಣೆ ರದ್ದಾಗುತ್ತದೆ. ಹಸ್ತಪ್ರತಿಯನ್ನು ಕಪಾಟಿನಲ್ಲಿಟ್ಟು ಮರೆತ ಪ್ರಕಾಶಕರಿಂದ ಅದನ್ನು ಬಿಡಿಸಿಕೊಳ್ಳಲು ಇದು ನೆರವಾಗುತ್ತದೆ. ಅಂದಹಾಗೆ, ಕೃತಿಸ್ವಾಮ್ಯ ನಿಮ್ಮದಾಗಲು ನೋಂದಣಿ ಕಡ್ಡಾಯವಲ್ಲ. ಬರೆದ ಗಳಿಗೆಯಿಂದಲೇ ಅದು ನಿಮ್ಮದು, ನಿಮ್ಮ ಜೀವಿತಾವಧಿ ಮತ್ತು ಆನಂತರದ 60 ವರ್ಷ ಊರ್ಜಿತ.

ನನ್ನ ಸಲಹೆ ಇಷ್ಟು. ಕನ್ನಡದಲ್ಲಿ ಅಚ್ಚು ಹಾಕುವ ಹಕ್ಕನ್ನು ಮಾತ್ರ ಕೊಡಿ, ಅದೂ ಮೂರರಿಂದ ಐದು ವರ್ಷಕ್ಕೆ. ಅನುವಾದ ಮತ್ತು ಸಿನಿಮಾ ಹಕ್ಕು ನಿಮ್ಮಲ್ಲೇ ಇರಲಿ. ಇ-ಪುಸ್ತಕ ಮತ್ತು ಆಡಿಯೊಗೆ ಪ್ರತ್ಯೇಕ ಸಾಲು, ಪ್ರತ್ಯೇಕ ಪಾಲು ಇರಲಿ. ಗೌರವಧನ ಮುಖಬೆಲೆಯ ಮೇಲೋ, ರಿಯಾಯಿತಿ ಕಳೆದ ಮೊತ್ತದ ಮೇಲೋ ಎಂದು ಕೇಳಿ, ಎರಡಕ್ಕೂ ಅಜಗಜಾಂತರ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪುಸ್ತಕ ಆಯ್ಕೆಯಾದರೆ ಆ ಪ್ರತಿಗಳಿಗೂ ಗೌರವಧನ ಉಂಟೇ ಎಂದು ಬರೆಸಿಕೊಳ್ಳಿ. ಇಲಾಖೆ ಮುಖಬೆಲೆ ಕೊಡುವುದಿಲ್ಲ, ಪುಟಕ್ಕಿಷ್ಟು ಎಂಬ ದರದಲ್ಲಿ ಕೊಳ್ಳುತ್ತದೆ, ಹಣ ಬರುವುದೂ ತಡ. ಹಾಗಾಗಿ ಪ್ರಕಾಶಕರು ಇಲ್ಲಿ ಕಡಿಮೆ ಪಾಲು ಹೇಳಿದರೆ ಅದು ವಂಚನೆಯಲ್ಲ, ಮಾತುಕತೆಗೆ ಕೂರಬಹುದು. ವರ್ಷಕ್ಕೊಮ್ಮೆ ಲೆಕ್ಕಪತ್ರ ಕೊಡುವ ಮಾತು ಮಾತ್ರ ಸಡಿಲಿಸಬೇಡಿ.

‘ಇನ್ನೂರು ಪ್ರತಿ ನೀವೇ ಕೊಳ್ಳಬೇಕು’ ಎನ್ನುವ ಪ್ರಕಾಶಕರೂ ಸಿಗುತ್ತಾರೆ. ಇದನ್ನು ಪ್ರಕಾಶನ ಎನ್ನಲು ನನಗೆ ಮನಸ್ಸಿಲ್ಲ. ಅಚ್ಚಿನ ಖರ್ಚಿನ ಬಹುಪಾಲು ನೀವೇ ಹೊತ್ತಮೇಲೆ ಹಕ್ಕು ಅವರಿಗೇಕೆ? ಹಾಗಾದರೆ ಸ್ವಂತವಾಗಿಯೇ ತರುವುದು ಮೇಲು, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ನಮ್ಮ ಕುಪ್ಪಳಿಯ ಕುವೆಂಪು ಅವರ ಎಷ್ಟೋ ಪುಸ್ತಕಗಳು ಬಂದದ್ದು ಅವರ ಮನೆಯದೇ ಹೆಸರಿನ ಉದಯರವಿ ಪ್ರಕಾಶನದಿಂದ. ಆದರೆ ಸ್ವಂತ ಪ್ರಕಟಣೆ ಎಂದರೆ ಪುಸ್ತಕದಂಗಡಿಗೆ ರಿಯಾಯಿತಿ ಕೊಟ್ಟು, ಅಂಚೆಗೆ ಕಟ್ಟು ಕಟ್ಟಿ, ಬಾಕಿ ವಸೂಲಿಗೆ ಫೋನ್ ಮಾಡುವ ಕೆಲಸವೂ ನಿಮ್ಮದೇ. ಪಾಠ ಮಾಡುತ್ತಾ, ಬರೆಯುತ್ತಾ ಇರುವ ನಿಮಗೆ ಮೊದಲ ಪುಸ್ತಕದಲ್ಲೇ ಈ ಹೊರೆ ಬೇಡ ಎಂಬುದು ನನ್ನ ಅನಿಸಿಕೆ.

ಕೊನೆಯ ಪ್ರಶ್ನೆ, ಮೊದಲು ಯಾವುದು? ಕಥೆಗಳು ಪತ್ರಿಕೆಗಳಿಗೆ ಹೋಗಲಿ, ಪುಸ್ತಕವಾಗಿ ಮೊದಲು ಕಾದಂಬರಿ ಬರಲಿ. ಹತ್ತು ಪುಟ ಓದಿಯೇ ಹೀಗೆ ಹೇಳುತ್ತಿದ್ದೇನೆ. ಮೊದಲ ಏಳು ಪುಟ ಶರಾವತಿ ಯೋಜನೆಯ ಚರಿತ್ರೆ, ಅಣೆಕಟ್ಟಿನ ಎತ್ತರ, ಸರ್ಕಾರದ ಆದೇಶಗಳು. ಅದನ್ನು ಯಾರು ಬೇಕಾದರೂ ಬರೆಯಬಹುದು. ಎಂಟನೆಯ ಪುಟದಲ್ಲಿ ಅಜ್ಜಿ, ತನ್ನ ಜಗಲಿಯ ಕಂಬವನ್ನು ಹಾರೆ ಹಾಕಿ ಸಡಿಲಿಸಲು ಬಂದ ಆಳುಗಳಿಗೆ ಮಜ್ಜಿಗೆ ಕೊಡುತ್ತಾಳೆ, ಉಪ್ಪು ಸಾಕೇ ಎಂದು ಕೇಳುತ್ತಾಳೆ. ಅಲ್ಲಿಗೆ ನಾನು ಎದ್ದು ಕುಳಿತೆ. ಅದನ್ನು ನಿಮ್ಮ ಹೊರತು ಇನ್ನಾರೂ ಬರೆಯಲಾರರು. ಕಾದಂಬರಿ ಅಲ್ಲಿಂದಲೇ ಆರಂಭವಾಗಲಿ. ಚರಿತ್ರೆಯ ಏಳು ಪುಟಗಳಲ್ಲಿ ಬೇಕಾದದ್ದು ಎರಡು ಪ್ಯಾರಾ ಇರಬಹುದು, ತಂದೆ ಮೊದಲ ಬಾರಿಗೆ ತಾಲೂಕು ಕಚೇರಿಗೆ ಹೋಗುವ ಕಡೆ ಅದನ್ನು ಸೇರಿಸಿ. ಅಷ್ಟು ಮಾಡಿ, ಹಸ್ತಪ್ರತಿಯನ್ನು ಒಂದು ತಿಂಗಳು ಮುಟ್ಟದೆ ಇಟ್ಟು, ಮತ್ತೊಮ್ಮೆ ಓದಿ, ಆಮೇಲೆ ನಿಮ್ಮ ಪಟ್ಟಿಯ ಮೊದಲ ಪ್ರಕಾಶಕರಿಗೆ ಕಳುಹಿಸಿ. ಕಥೆಗಳಲ್ಲಿ ಅತ್ಯುತ್ತಮ ಎನಿಸಿದ ಒಂದನ್ನು ಮಾತ್ರ ಕಾಯಿಸಬೇಡಿ, ನಾಳೆಯೇ ಪತ್ರಿಕೆಗೆ ಕಳುಹಿಸಿ.